ಮ್ಯಾಮೊಗ್ರಾಮ್ ರಿಪೋರ್ಟ್‌ನಲ್ಲಿ ‘ಡೆನ್ಸ್’ ಅಂತ ಬರೆದಿದೆಯೇ? ಮುಂದೆ ಏನು ಮಾಡಬೇಕು ನೋಡಿ

ಮ್ಯಾಮೊಗ್ರಾಮ್ ರಿಪೋರ್ಟ್ ಕೈಗೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು ಕೊನೆಯ ಸಾಲನ್ನು. ಅಲ್ಲಿ ‘ನಾರ್ಮಲ್’ ಅಂತಿದ್ದರೆ ಫೈಲ್ ಸೀದಾ ಬೀರುವಿಗೆ ಹೋಗುತ್ತದೆ. ಆದರೆ ಅದಕ್ಕಿಂತ ಮೇಲೆ, ಶುರುವಿನ ನಾಲ್ಕೈದು ಸಾಲಿನೊಳಗೆ, ಇನ್ನೊಂದು ಮಾತು ಇರುತ್ತದೆ. ನಿಮ್ಮ ಸ್ತನದ ಒಳಭಾಗ ಎಷ್ಟು ಡೆನ್ಸ್, ಅಂದರೆ ಎಷ್ಟು ದಟ್ಟವಾಗಿದೆ ಎಂಬುದು. ಕೊನೆಯ ಸಾಲಿನ ‘ನಾರ್ಮಲ್’ ಅನ್ನು ಎಷ್ಟರಮಟ್ಟಿಗೆ ನಂಬಬಹುದು ಅನ್ನುವುದು ಈ ಸಾಲಿನ ಮೇಲೆ ನಿಂತಿದೆ. ಅಷ್ಟು ಮುಖ್ಯವಾದ ಮಾತನ್ನು ನಮ್ಮಲ್ಲಿ ಯಾರೂ ಕೂರಿಸಿಕೊಂಡು ವಿವರಿಸುವುದಿಲ್ಲ. ಹಾಗಾಗಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮದೋ, ಅಮ್ಮನದೋ, ಅಕ್ಕನದೋ ಹಳೆಯ ರಿಪೋರ್ಟ್ ಮನೆಯಲ್ಲಿದ್ದರೆ ಪಕ್ಕದಲ್ಲಿ ಇಟ್ಟುಕೊಂಡು ಓದಿ.

1. ರಿಪೋರ್ಟ್‌ನಲ್ಲಿ ಒಂದು ಅಕ್ಷರ, ಒಂದು ಅಂಕಿ ಹುಡುಕಿ

ನಮ್ಮ ಸ್ಕ್ಯಾನಿಂಗ್ ಸೆಂಟರ್‌ಗಳ ರಿಪೋರ್ಟ್ ಸಾಮಾನ್ಯವಾಗಿ ಹೀಗಿರುತ್ತದೆ. ಮೇಲ್ಗಡೆ ಎಲ್ಲೋ ‘ಹೆಟೆರೋಜೀನಿಯಸ್ಲಿ ಡೆನ್ಸ್, ಎಸಿಆರ್ ಟೈಪ್ ಸಿ’ ಅಂತ ಒಂದು ಸಾಲು. ಕೊನೆಗೆ ‘ಬೈರಾಡ್ಸ್ ಕೆಟಗರಿ 2’ ಅಂತ ಇನ್ನೊಂದು. ಎಸಿಆರ್ ಅಂದರೆ ಅಮೆರಿಕದ ರೇಡಿಯಾಲಜಿಸ್ಟ್‌ಗಳ (ಎಕ್ಸ್‌ರೇ, ಸ್ಕ್ಯಾನ್ ಚಿತ್ರ ಓದುವ ಡಾಕ್ಟರುಗಳ) ಸಂಘ, ಬೈರಾಡ್ಸ್ ಅಂದರೆ ರಿಪೋರ್ಟ್ ಬರೆಯಲು ಅವರು ಮಾಡಿದ ಪದ್ಧತಿ. ಎರಡು ಸಾಲೂ ಬೇರೆ ಬೇರೆ ವಿಷಯ. ಎ, ಬಿ, ಸಿ, ಡಿ ಎಂಬ ಅಕ್ಷರ ಹೇಳುವುದು ದಟ್ಟಣೆಯನ್ನು. 0ಯಿಂದ 6ರವರೆಗಿನ ಅಂಕಿ ಹೇಳುವುದು ಆ ಚಿತ್ರದಲ್ಲಿ ಏನು ಕಂಡಿತು ಎಂಬುದನ್ನು.

ಇವೆರಡನ್ನು ಬೆರೆಸಿಕೊಂಡು ಗಾಬರಿಯಾಗುವವರು ತುಂಬಾ ಜನ. ನಮ್ಮ ಸಂಬಂಧಿಕರೊಬ್ಬರು ‘ಟೈಪ್ ಸಿ’ ಅಂತ ಓದಿ, ಮೂರನೇ ಸ್ಟೇಜ್ ಅಂದುಕೊಂಡು ಊಟ ಬಿಟ್ಟು ಕೂತಿದ್ದರು. ಅವರ ಅಂಕಿ 1. ಅಂದರೆ ಏನೂ ಕಂಡಿಲ್ಲ ಅಂತ. ಅಕ್ಷರಕ್ಕೂ ಕ್ಯಾನ್ಸರ್ ಸ್ಟೇಜ್‌ಗೂ ಯಾವ ಸಂಬಂಧವೂ ಇಲ್ಲ.

ಅಂಕಿಗಳ ಲೆಕ್ಕ ಚಿಕ್ಕದು. 1 ಅಂದರೆ ಏನೂ ಇಲ್ಲ. 2 ಅಂದರೆ ಏನೋ ಇದೆ, ಆದರೆ ಅಪಾಯದ್ದಲ್ಲ. 3 ಅಂದರೆ ಬಹುತೇಕ ಅಪಾಯವಿಲ್ಲ, ಆರು ತಿಂಗಳಿಗೆ ಮತ್ತೆ ನೋಡೋಣ ಎನ್ನುವುದು. 4 ಮತ್ತು 5 ಬಂದರೆ ಬಯಾಪ್ಸಿ, ಅಂದರೆ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆ ಬೇಕು, ಮುಂದೂಡಬೇಡಿ. 6 ಅಂದರೆ ಬಯಾಪ್ಸಿಯಲ್ಲಿ ಈಗಾಗಲೇ ಕ್ಯಾನ್ಸರ್ ಖಚಿತವಾಗಿದೆ. 0 ಬಂದರೆ ಸೊನ್ನೆ ಅಪಾಯ ಅಂತ ಖುಷಿಪಡಬೇಡಿ. ಅದರ ಅರ್ಥ ‘ಈ ಚಿತ್ರ ಸಾಲದು, ಇನ್ನೂ ನೋಡಬೇಕು’ ಅಂತ. ದಟ್ಟ ಸ್ತನ ಇರುವವರಿಗೆ 0 ಬರುವುದು ಜಾಸ್ತಿ. ಹಾಗೆ ಬಂದವರಲ್ಲಿ ಹೆಚ್ಚಿನವರಿಗೆ ಮುಂದಿನ ಪರೀಕ್ಷೆಯಲ್ಲಿ ಏನೂ ಇರುವುದಿಲ್ಲ. ಆದರೆ ಆ ಮುಂದಿನ ಪರೀಕ್ಷೆ ಮಾಡಿಸಲೇಬೇಕು.

ರಿಪೋರ್ಟ್‌ನಲ್ಲಿ ದಟ್ಟಣೆಯ ಅಕ್ಷರ ಇಲ್ಲವೇ ಇಲ್ಲ ಅಂತಾದರೆ ಸೆಂಟರ್‌ಗೆ ಫೋನ್ ಮಾಡಿ ಕೇಳಿ. ಚಿತ್ರ ಅವರ ಬಳಿ ಇರುತ್ತದೆ, ರೇಡಿಯಾಲಜಿಸ್ಟ್ ನೋಡಿ ಹೇಳಬಹುದು. ಕೇಳುವುದು ನಿಮ್ಮ ಹಕ್ಕು.

2. ನಿಮ್ಮ ಅಕ್ಷರ ಏನು ಹೇಳುತ್ತಿದೆ ತಿಳಿದುಕೊಳ್ಳಿ

ಸ್ತನದೊಳಗೆ ಮುಖ್ಯವಾಗಿ ಮೂರು ಇರುತ್ತವೆ: ಹಾಲು ತಯಾರಾಗುವ ಗ್ರಂಥಿ ಮತ್ತು ನಾಳಗಳು, ಅವನ್ನು ಹಿಡಿದಿಡುವ ನಾರು, ಉಳಿದ ಜಾಗದಲ್ಲಿ ಕೊಬ್ಬು. ಮ್ಯಾಮೊಗ್ರಾಮ್ ಅಂದರೆ ಎಕ್ಸ್‌ರೇ. ಅದರಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿ ಮತ್ತು ನಾರು ಬೆಳ್ಳಗೆ. ಬಿಳಿ ಭಾಗ ಎಷ್ಟಿದೆ, ಹೇಗೆ ಹರಡಿದೆ ಅಂತ ನೋಡಿ ಅಕ್ಷರ ಕೊಡುತ್ತಾರೆ.

ಎ ಅಂದರೆ ಹೆಚ್ಚುಕಮ್ಮಿ ಪೂರ್ತಿ ಕೊಬ್ಬು. ಬಿ ಅಂದರೆ ಅಲ್ಲಲ್ಲಿ ಬಿಳಿ. ಸಿ ಅಂದರೆ ಬಿಳಿ ಭಾಗ ಸಾಕಷ್ಟಿದೆ, ಸಣ್ಣ ಗಂಟು ಮರೆಯಾಗಬಹುದು. ಡಿ ಅಂದರೆ ಹೆಚ್ಚುಕಮ್ಮಿ ಎಲ್ಲಾ ಬಿಳಿ. ಸಿ ಮತ್ತು ಡಿ ಬಂದವರನ್ನು ‘ಡೆನ್ಸ್’ ಅನ್ನುತ್ತಾರೆ. ಅಮೆರಿಕದಲ್ಲಿ ಮ್ಯಾಮೊಗ್ರಾಮ್ ಮಾಡಿಸಿಕೊಳ್ಳುವ ಹೆಂಗಸರಲ್ಲಿ ಎ ಸುಮಾರು 10%, ಬಿ 40%, ಸಿ 40%, ಡಿ 10%. ಅಂದರೆ ಅರ್ಧದಷ್ಟು ಜನರದು ಡೆನ್ಸ್. ಇದು ರೋಗ ಅಲ್ಲ, ದೋಷವೂ ಅಲ್ಲ. ಕೆಲವರು ಎತ್ತರ ಇರುತ್ತಾರೆ, ಕೆಲವರು ಇರುವುದಿಲ್ಲ, ಇದೂ ಅಷ್ಟೇ.

ಮುಟ್ಟಿ ನೋಡಿ ದಟ್ಟಣೆ ಹೇಳಲು ಆಗುವುದಿಲ್ಲ, ಡಾಕ್ಟರಿಗೂ ಆಗುವುದಿಲ್ಲ. ಗಟ್ಟಿಯಾಗಿದೆ, ಗಂಟು ಗಂಟಾಗಿದೆ ಅನ್ನಿಸುವ ಸ್ತನ ಚಿತ್ರದಲ್ಲಿ ಎ ಬರಬಹುದು. ಮೆತ್ತಗಿರುವುದು ಡಿ ಬರಬಹುದು. ಗಾತ್ರಕ್ಕೂ ಸಂಬಂಧ ಇಲ್ಲ.

ವಯಸ್ಸಾದಂತೆ, ವಿಶೇಷವಾಗಿ ಮುಟ್ಟು ನಿಂತ ಮೇಲೆ, ದಟ್ಟಣೆ ಕಡಿಮೆಯಾಗುತ್ತದೆ. ತೆಳ್ಳಗಿರುವವರಿಗೆ ಜಾಸ್ತಿ. ಬಸುರಿಯರಿಗೆ, ಹಾಲುಣಿಸುವವರಿಗೆ ಜಾಸ್ತಿ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚಾಗಬಹುದು. ಹೋದ ವರ್ಷ ಬಿ, ಈ ವರ್ಷ ಸಿ ಅಂತ ಬಂದರೆ ಹೆದರಬೇಡಿ. ಚಿತ್ರ ನೋಡುವ ಕಣ್ಣು ಬದಲಾದರೂ ಅಕ್ಷರ ಒಂದು ಮೆಟ್ಟಿಲು ಆಚೀಚೆ ಆಗುತ್ತದೆ.

3. ಅಪಾಯ ಎಷ್ಟು ಅಂತ ಸರಿಯಾಗಿ ಅಳೆಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ.

ದಟ್ಟ ಸ್ತನದಿಂದ ಎರಡು ಬೇರೆ ಬೇರೆ ತೊಂದರೆ. ಒಂದು, ಕ್ಯಾನ್ಸರ್ ಗಂಟು ಕೂಡ ಎಕ್ಸ್‌ರೇಯಲ್ಲಿ ಬೆಳ್ಳಗೇ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಅದು ಎದ್ದು ಕಾಣುತ್ತದೆ. ಬಿಳಿಯ ನಡುವೆ ಇದ್ದರೆ ಹತ್ತಿಯ ರಾಶಿಯಲ್ಲಿ ಬಿದ್ದ ಮಲ್ಲಿಗೆ ಮೊಗ್ಗಿನ ಹಾಗೆ, ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಮಷೀನ್ ಕೆಟ್ಟಿದೆ ಅಂತಲ್ಲ, ಡಾಕ್ಟರ್ ಗಮನ ಕೊಟ್ಟಿಲ್ಲ ಅಂತಲೂ ಅಲ್ಲ. ಆ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ.

ಎರಡು, ದಟ್ಟಣೆ ತಾನೇ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಸ್ವಲ್ಪ ಏರಿಸುತ್ತದೆ. ಸ್ತನ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಹಾಲಿನ ನಾಳ ಮತ್ತು ಗ್ರಂಥಿಗಳ ಒಳಪದರದ ಜೀವಕೋಶಗಳಲ್ಲಿ. ದಟ್ಟ ಸ್ತನದಲ್ಲಿ ಅಂಥ ಜೀವಕೋಶಗಳೂ, ಅವುಗಳ ಬೆಳವಣಿಗೆಗೆ ಒತ್ತು ಕೊಡುವ ನಾರೂ ಜಾಸ್ತಿ. ಇದನ್ನು 1976ರಲ್ಲಿ ಜಾನ್ ವುಲ್ಫ್ ಎಂಬ ಅಮೆರಿಕದ ರೇಡಿಯಾಲಜಿಸ್ಟ್ ಮೊದಲು ಎತ್ತಿ ಹೇಳಿದಾಗ ಹಲವರು ಒಪ್ಪಲಿಲ್ಲ. ಬಿಳಿ ಬಣ್ಣ ಗಂಟನ್ನು ಮರೆಮಾಡುವುದರಿಂದ ಹಾಗೆ ಅನ್ನಿಸುತ್ತಿದೆ ಅಷ್ಟೇ ಎಂಬ ವಾದವಿತ್ತು. ನಂತರ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳು ವುಲ್ಫ್ ಹೇಳಿದ್ದು ನಿಜ ಅಂತ ತೋರಿಸಿದವು.

ಈಗ ಅಂಕಿ. ‘ಡೆನ್ಸ್ ಇದ್ದರೆ ಕ್ಯಾನ್ಸರ್ ಅಪಾಯ ನಾಲ್ಕೈದು ಪಟ್ಟು’ ಅಂತ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಆ ಅಂಕಿ ಸುಳ್ಳಲ್ಲ. 2007ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ 4.7 ಪಟ್ಟು ಅಂತಲೇ ಇದೆ. ಆದರೆ ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ ನೋಡಿ: ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಿಳಿ ಇರುವವರನ್ನು, 10%ಗಿಂತ ಕಡಿಮೆ ಬಿಳಿ ಇರುವವರ ಜೊತೆ. ಎರಡು ತುದಿಗಳ ಹೋಲಿಕೆ ಅದು. ನಮ್ಮಲ್ಲಿ ಹೆಚ್ಚಿನವರು ಎರಡೂ ತುದಿಯಲ್ಲಿ ಇಲ್ಲ, ಅಲ್ವಾ? ಸರಾಸರಿ ದಟ್ಟಣೆಯ ಹೆಂಗಸಿನ ಜೊತೆ ಹೋಲಿಸಿದರೆ ಸಿ ಇರುವವರ ಅಪಾಯ ಸುಮಾರು 1.2 ಪಟ್ಟು, ಡಿ ಇರುವವರದು ಸುಮಾರು 2.1 ಪಟ್ಟು. ಅಮ್ಮನಿಗೋ ಒಬ್ಬ ಅಕ್ಕನಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ ಎಷ್ಟು ಅಪಾಯ ಏರುತ್ತದೋ, ಡಿ ಬಂದರೆ ಹತ್ತಿರ ಹತ್ತಿರ ಅಷ್ಟು. ಇನ್ನೊಂದು ಸಮಾಧಾನದ ವಿಷಯವಿದೆ. ದಟ್ಟ ಸ್ತನ ಇದ್ದು ಕ್ಯಾನ್ಸರ್ ಬಂದವರು, ಉಳಿದ ರೋಗಿಗಳಿಗಿಂತ ಹೆಚ್ಚಾಗಿ ಸಾಯುತ್ತಾರೆ ಅಂತ ಅಧ್ಯಯನಗಳಲ್ಲಿ ಕಂಡಿಲ್ಲ.

ನಮ್ಮ ದೇಶದ ಮಟ್ಟಿಗೆ ಒಂದು ಮಾತು ಸೇರಿಸಬೇಕು. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಅದು ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತಿದೆ. ಅಂದರೆ ನಮ್ಮಲ್ಲಿ ತುಂಬಾ ಜನರಿಗೆ ರೋಗ ಬರುವುದು ನಲವತ್ತರ ಆಸುಪಾಸಿನಲ್ಲಿ, ಸ್ತನ ಇನ್ನೂ ದಟ್ಟವಾಗಿರುವ ವಯಸ್ಸಿನಲ್ಲೇ. ಮ್ಯಾಮೊಗ್ರಾಮ್ ಒಂದನ್ನೇ ನಂಬಿ ಕೂರಬಾರದು ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

4. ಉಳಿದ ಕಾರಣಗಳನ್ನು ಪಟ್ಟಿ ಮಾಡಿಕೊಂಡು ಡಾಕ್ಟರ ಹತ್ತಿರ ಹೋಗಿ

ದಟ್ಟಣೆ ಒಂದರಿಂದಲೇ ತೀರ್ಮಾನ ಆಗುವುದಿಲ್ಲ. ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಅಮ್ಮ, ಅಕ್ಕತಂಗಿ, ಮಗಳು, ಅಜ್ಜಿ, ಚಿಕ್ಕಮ್ಮ, ಅತ್ತೆ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತೇ, ಆಗ ಅವರ ವಯಸ್ಸೆಷ್ಟು. ಅತ್ತೆ ಅಂದರೆ ಇಲ್ಲಿ ಅಪ್ಪನ ಅಕ್ಕತಂಗಿ. ಅಪ್ಪನ ಕಡೆಯವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಬಹಳ. ಆದರೆ ಬಿಆರ್‌ಸಿಎ ಎಂಬ ವಂಶವಾಹಿ ದೋಷ ಅಪ್ಪನಿಂದಲೂ ಬರುತ್ತದೆ. ಮೊದಲು ಯಾವಾಗಲಾದರೂ ಸ್ತನದ ಬಯಾಪ್ಸಿ ಆಗಿತ್ತೇ, ಅದರ ರಿಪೋರ್ಟ್ ಏನು. ಚಿಕ್ಕ ವಯಸ್ಸಿನಲ್ಲಿ ಎದೆಗೆ ರೇಡಿಯೇಷನ್ ಕೊಟ್ಟಿದ್ದರೇ. ಮೈನೆರೆದ ವಯಸ್ಸು, ಮೊದಲ ಹೆರಿಗೆಯ ವಯಸ್ಸು, ಮುಟ್ಟು ನಿಂತ ವಯಸ್ಸು. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರು.

ಇವನ್ನೆಲ್ಲ ಹಾಕಿ ಒಟ್ಟು ಅಪಾಯ ಅಂದಾಜು ಮಾಡುವ ಲೆಕ್ಕಾಚಾರಗಳಿವೆ. ಅವು ಪಶ್ಚಿಮದ ಹೆಂಗಸರ ಮಾಹಿತಿಯಿಂದ ಕಟ್ಟಿದವು, ಹಾಗಾಗಿ ಮೊಬೈಲ್‌ನಲ್ಲಿ ನೀವೇ ಒತ್ತಿ ನೋಡಿ ಹೆದರುವುದಕ್ಕಿಂತ ಸ್ತನ ಸರ್ಜನ್ ಅಥವಾ ಕ್ಯಾನ್ಸರ್ ತಜ್ಞರ ಜೊತೆ ಕೂತು ಮಾತಾಡುವುದು ಮೇಲು. ಹೋದಾಗ ಹೀಗೆ ನೇರವಾಗಿ ಕೇಳಿ: ‘ಡಾಕ್ಟ್ರೇ, ನನ್ನದು ಡೆನ್ಸ್ ಅಂತ ಬಂದಿದೆ. ನನ್ನ ಒಟ್ಟು ಅಪಾಯ ಕಡಿಮೆಯೋ, ಮಧ್ಯಮವೋ, ಜಾಸ್ತಿಯೋ? ಮ್ಯಾಮೊಗ್ರಾಮ್ ಜೊತೆ ಇನ್ನೇನಾದರೂ ಬೇಕಾ? ಮತ್ತೆ ಯಾವಾಗ ಬರಲಿ?’ ಇಷ್ಟಕ್ಕೆ ಉತ್ತರ ಸಿಗದೆ ಎದ್ದು ಬರಬೇಡಿ.

5. ಜೊತೆಗೆ ಯಾವ ಪರೀಕ್ಷೆ?

ಮೊದಲೇ ಹೇಳುತ್ತೇನೆ: ಡೆನ್ಸ್ ಅಂತ ಬಂದರೆ ಮ್ಯಾಮೊಗ್ರಾಮ್ ಬಿಡುವಂತಿಲ್ಲ. ಕ್ಯಾನ್ಸರ್‌ನ ಶುರುವಿನಲ್ಲಿ ಕೆಲವೊಮ್ಮೆ ಕಾಣುವ ಪುಡಿ ಸುಣ್ಣದ ಕಣಗಳು ಅದರಲ್ಲೇ ಚೆನ್ನಾಗಿ ಕಾಣುವುದು. ಉಳಿದದ್ದೆಲ್ಲ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಅಲ್ಟ್ರಾಸೌಂಡ್. ಸೆಂಟರ್‌ಗಳಲ್ಲಿ ಇದನ್ನೇ ಸೋನೋಮ್ಯಾಮೊಗ್ರಾಮ್ ಅನ್ನುತ್ತಾರೆ. ಎಕ್ಸ್‌ರೇ ಇಲ್ಲ, ಒತ್ತುವುದಿಲ್ಲ, ನೋವಿಲ್ಲ. ಜಪಾನಿನಲ್ಲಿ 40ರಿಂದ 49 ವಯಸ್ಸಿನ 70,000ಕ್ಕೂ ಹೆಚ್ಚು ಹೆಂಗಸರ ಮೇಲೆ ಜೆ-ಸ್ಟಾರ್ಟ್ ಎಂಬ ಅಧ್ಯಯನ ನಡೆಯಿತು. ಮ್ಯಾಮೊಗ್ರಾಮ್ ಮಾತ್ರ ಮಾಡಿದ ಗುಂಪಿನಲ್ಲಿ 100 ಕ್ಯಾನ್ಸರ್‌ಗಳಲ್ಲಿ 77 ಪರೀಕ್ಷೆಯಲ್ಲೇ ಸಿಕ್ಕವು. ಅಲ್ಟ್ರಾಸೌಂಡ್ ಸೇರಿಸಿದ ಗುಂಪಿನಲ್ಲಿ 91. ಆದರೆ ಇದಕ್ಕೆ ಬೆಲೆಯೂ ಇದೆ. ಕ್ಯಾನ್ಸರ್ ಇಲ್ಲದವರನ್ನೂ ಮತ್ತೆ ಕರೆದು ಸೂಜಿ ಹಾಕಿ ನೋಡುವುದು ಜಾಸ್ತಿ ಆಯಿತು. ಮಾಡುವವರ ಕೈಗುಣವೂ ಮುಖ್ಯ. ಸ್ತನದ ಸ್ಕ್ಯಾನ್ ದಿನಾ ಮಾಡುವ ರೇಡಿಯಾಲಜಿಸ್ಟ್ ಇರುವ ಕಡೆ ಹೋಗಿ.

ಎಂಆರ್‌ಐ ಇನ್ನೂ ಚುರುಕು. ನೆದರ್‌ಲ್ಯಾಂಡ್ಸ್‌ನಲ್ಲಿ ಡಿ ದರ್ಜೆಯ, ಮ್ಯಾಮೊಗ್ರಾಮ್ ನಾರ್ಮಲ್ ಬಂದ 40,000 ಹೆಂಗಸರನ್ನು ತೆಗೆದುಕೊಂಡು ಅವರಲ್ಲಿ ಸುಮಾರು 8,000 ಜನರಿಗೆ ಎಂಆರ್‌ಐಗೆ ಕರೆ ಕೊಟ್ಟರು. ಎರಡು ತಪಾಸಣೆಗಳ ನಡುವಿನ ಅವಧಿಯಲ್ಲಿ ತಾನಾಗಿ ಹೊರಬೀಳುವ ಕ್ಯಾನ್ಸರ್, ಸಾವಿರಕ್ಕೆ 5 ಇದ್ದದ್ದು ಎಂಆರ್‌ಐಗೆ ಕರೆದ ಗುಂಪಿನಲ್ಲಿ 2.5ಕ್ಕೆ ಇಳಿಯಿತು. 2019ರಲ್ಲಿ ಇದು ಪ್ರಕಟವಾಯಿತು. ಇದನ್ನೇ ಆಧಾರ ಮಾಡಿಕೊಂಡು ಯುರೋಪಿನ ಸ್ತನ ಚಿತ್ರಣ ತಜ್ಞರ ಸಂಘ 2022ರಲ್ಲಿ, 50ರಿಂದ 70 ವಯಸ್ಸಿನ ಡಿ ದರ್ಜೆಯವರಿಗೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ ಎಂಆರ್‌ಐ ಇರಲಿ ಅಂತ ಹೇಳಿತು. ಆದರೆ ಅದೇ ಅಧ್ಯಯನದಲ್ಲಿ ಎಂಆರ್‌ಐ ನಂತರ ಬಯಾಪ್ಸಿ ಮಾಡಿಸಿಕೊಂಡ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇತ್ತು. ಉಳಿದ ಮೂವರು ಸುಮ್ನೆ ಭಯಪಟ್ಟರು. ಈ ಹೆಚ್ಚುವರಿ ಪರೀಕ್ಷೆಗಳಿಂದ ಸಾವು ಕಡಿಮೆಯಾಗುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ. ಹೀಗಾಗಿ ಅಮೆರಿಕದ ಸರ್ಕಾರಿ ಸಲಹಾ ಸಮಿತಿ 2024ರಲ್ಲಿ, 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮಾಡಿಸಿ ಅಂದರೂ, ದಟ್ಟ ಸ್ತನದವರಿಗೆ ಹೆಚ್ಚಿನ ಪರೀಕ್ಷೆ ಬೇಕೋ ಬೇಡವೋ ಎಂದು ಹೇಳಲು ಪುರಾವೆ ಸಾಲದು ಅಂದಿತು.

ಹಾಗಾದರೆ ನಾವೇನು ಮಾಡುವುದು? ನನ್ನ ಅಭಿಪ್ರಾಯ ಹೀಗಿದೆ. ಸಿ ಬಂದು, ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೆ ಮ್ಯಾಮೊಗ್ರಾಮ್ ಜೊತೆ ಅಲ್ಟ್ರಾಸೌಂಡ್ ಬಗ್ಗೆ ಡಾಕ್ಟರನ್ನು ಕೇಳಿದರೆ ಸಾಕು. ಡಿ ಬಂದಿದ್ದರೆ, ಅದರ ಮೇಲೆ ಕುಟುಂಬದಲ್ಲೂ ಕ್ಯಾನ್ಸರ್ ಇದ್ದರೆ, ಎಂಆರ್‌ಐ ಮಾತು ಎತ್ತಲೇಬೇಕು. ಬಿಆರ್‌ಸಿಎ ದೋಷ ಇದೆ ಅಂತ ಗೊತ್ತಿದ್ದವರಿಗೆ ದಟ್ಟಣೆ ಏನೇ ಇರಲಿ ಎಂಆರ್‌ಐ ಬೇಕು. ಮ್ಯಾಮೊಗ್ರಾಮ್ ಮಾಡಿಸುವಾಗ 3ಡಿ ಮಷೀನ್, ಅಂದರೆ ಟೋಮೋಸಿಂಥೆಸಿಸ್ ಇರುವ ಸೆಂಟರ್ ಸಿಕ್ಕಿದರೆ ಒಳ್ಳೆಯದು. ಪದರ ಪದರವಾಗಿ ಚಿತ್ರ ತೆಗೆಯುವುದರಿಂದ ಮರೆಯಾಗುವುದು ಸ್ವಲ್ಪ ಕಡಿಮೆ. ಆದರೂ ಡಿ ದರ್ಜೆಯವರಿಗೆ ಅದೊಂದೇ ಸಾಲದು.

ಶಾಖ ಅಳೆದು ಚಿತ್ರ ತೋರಿಸುವ ಥರ್ಮೋಗ್ರಫಿ ಕ್ಯಾಂಪ್‌ಗಳು ಊರೂರಲ್ಲಿ ನಡೆಯುತ್ತವೆ. ಮುಟ್ಟುವುದಿಲ್ಲ, ಒತ್ತುವುದಿಲ್ಲ ಅಂತ ಹೆಂಗಸರಿಗೂ ಇಷ್ಟ. ಆದರೆ ಅದು ಮ್ಯಾಮೊಗ್ರಾಮ್‌ಗೆ ಬದಲಿ ಅಲ್ಲ ಅಂತ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಅಲ್ಲಿ ‘ಸರಿಯಿದೆ’ ಅಂದರು ಅಂತ ಮನೆಯಲ್ಲಿ ಕೂರಬೇಡಿ.

6. ಗಂಟು ಕೈಗೆ ಸಿಕ್ಕಿದರೆ ರಿಪೋರ್ಟ್ ಪಕ್ಕಕ್ಕಿಡಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯಾನ್ಸಿ ಕಪೆಲ್ಲೊ ವರ್ಷ ವರ್ಷ ತಪ್ಪದೆ ಮ್ಯಾಮೊಗ್ರಾಮ್ ಮಾಡಿಸುತ್ತಿದ್ದರು. ಪ್ರತಿ ಸಲವೂ ನಾರ್ಮಲ್. 2004ರಲ್ಲಿ ಹಾಗೆ ನಾರ್ಮಲ್ ಬಂದ ಕೆಲವೇ ವಾರಗಳಲ್ಲಿ ಅವರ ಡಾಕ್ಟರಿಗೆ ಕೈಯಲ್ಲಿ ಮುಟ್ಟಿ ನೋಡುವಾಗ ಏನೋ ತಾಗಿತು. ಮತ್ತೆ ಮ್ಯಾಮೊಗ್ರಾಮ್ ಮಾಡಿದರು, ಏನೂ ಕಾಣಲಿಲ್ಲ. ಅಲ್ಟ್ರಾಸೌಂಡ್ ಮಾಡಿದಾಗ ದೊಡ್ಡ ಗಂಟು ಕಂಡಿತು. ಅಷ್ಟರಲ್ಲಿ ಕಂಕುಳಿನ ಹದಿಮೂರು ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಕ್ಯಾನ್ಸರ್ ಹರಡಿತ್ತು. ಯಾಕೆ ಹೀಗಾಯಿತು ಅಂತ ಕೇಳಿದಾಗ ಸಿಕ್ಕ ಉತ್ತರ: ನಿಮ್ಮದು ಡೆನ್ಸ್. ಅದುವರೆಗೆ ಯಾರೂ ಅವರಿಗೆ ಆ ಮಾತು ಹೇಳಿರಲಿಲ್ಲ. ಅವರು ಹೋರಾಡಿ 2009ರಲ್ಲಿ ತಮ್ಮ ರಾಜ್ಯದಲ್ಲಿ, ದಟ್ಟಣೆಯನ್ನು ಹೆಂಗಸರಿಗೆ ತಿಳಿಸಲೇಬೇಕು ಎಂಬ ಕಾನೂನು ತಂದರು. ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಕಪೆಲ್ಲೊ 2018ರಲ್ಲಿ ತೀರಿಕೊಂಡರು. 2024ರ ಸೆಪ್ಟೆಂಬರ್ 10ರಿಂದ ಅಮೆರಿಕದ ಎಲ್ಲಾ ಮ್ಯಾಮೊಗ್ರಾಮ್ ಕೇಂದ್ರಗಳೂ ನಿಮ್ಮದು ಡೆನ್ಸ್ ಹೌದೋ ಅಲ್ಲವೋ ಅಂತ ಪತ್ರದಲ್ಲಿ ಬರೆದು ಕೊಡಬೇಕು. ಅಲ್ಲಿರುವ ನಮ್ಮ ಕನ್ನಡದ ಅಕ್ಕತಂಗಿಯರು ಆ ಪತ್ರವನ್ನು ಜಾಹೀರಾತಿನ ಅಂಚೆ ಜೊತೆ ಎಸೆಯಬೇಡಿ. ಮುಂದಿನ ಪರೀಕ್ಷೆಗೆ ಇನ್ಶೂರೆನ್ಸ್ ಸಿಗುತ್ತದೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಿ.

ನಮ್ಮಲ್ಲಿ ಗಮನಿಸಬೇಕಾದ ಲಕ್ಷಣಗಳು: ಎದೆಯಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು, ಒಂದು ಕಡೆ ಚರ್ಮ ಒಳಕ್ಕೆ ಎಳೆದುಕೊಂಡಂತೆ ಆಗುವುದು, ಚರ್ಮ ದಪ್ಪವಾಗಿ ಸಣ್ಣ ಗುಳಿ ಬೀಳುವುದು, ತೊಟ್ಟು ಹೊಸದಾಗಿ ಒಳಗೆ ಹೋಗುವುದು, ತೊಟ್ಟಿನಿಂದ ರಕ್ತ ಬರುವುದು. ನೋವಿಲ್ಲ ಅಂತ ಸುಮ್ಮನಿರಬೇಡಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಹೋದ ತಿಂಗಳಷ್ಟೇ ಮ್ಯಾಮೊಗ್ರಾಮ್ ನಾರ್ಮಲ್ ಬಂದಿದ್ದರೂ ತೋರಿಸಿ. ಡಾಕ್ಟರ್ ಮುಟ್ಟಿ ನೋಡಬೇಕು, ಸ್ಕ್ಯಾನ್ ಆಗಬೇಕು, ಬೇಕಿದ್ದರೆ ಸೂಜಿ ಹಾಕಿ ಬಯಾಪ್ಸಿ ಆಗಬೇಕು. ಮೂರೂ ಒಂದೇ ಮಾತು ಹೇಳುವ ತನಕ ಬಿಡಬೇಡಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಅದನ್ನು ಪರೀಕ್ಷೆ ಹೇಳಬೇಕು, ನಾವು ಅಂದುಕೊಳ್ಳುವುದಲ್ಲ.

ಮ್ಯಾಮೊಗ್ರಾಮ್ ಕೈಗೆಟುಕದ ಊರಿನಲ್ಲಿದ್ದರೂ ದಾರಿ ಇದೆ. ಭಾರತದಲ್ಲಿ ಎಲ್ಲರಿಗೂ ಮ್ಯಾಮೊಗ್ರಾಮ್ ಮಾಡುವ ಸರ್ಕಾರಿ ಕಾರ್ಯಕ್ರಮ ಇಲ್ಲ. ಆದರೆ 30 ದಾಟಿದ ಹೆಂಗಸರಿಗೆ ತರಬೇತಿ ಪಡೆದವರು ಕೈಯಿಂದ ಮುಟ್ಟಿ ಪರೀಕ್ಷೆ ಮಾಡುವ ವ್ಯವಸ್ಥೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿದೆ. ಇದು ಬಡವರಿಗೆ ಕೊಟ್ಟ ಕಳಪೆ ಪರೀಕ್ಷೆ ಅಂತ ತಿಳಿಯಬೇಡಿ. ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಇಪ್ಪತ್ತು ವರ್ಷ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಹೀಗೆ ಪರೀಕ್ಷೆ ಮಾಡಿಸಿಕೊಂಡ, 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು 30% ಕಡಿಮೆಯಾಯಿತು. ದಟ್ಟಣೆ ಬೆರಳಿಗೆ ತಿಳಿಯದಿದ್ದರೂ ಗಂಟು ತಿಳಿಯುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ಎಲ್ಲಿ, ಯಾವ ದಿನ ಅಂತ ಹೇಳುತ್ತಾರೆ. ಸಂಶಯ ಬಂದರೆ ಜಿಲ್ಲಾಸ್ಪತ್ರೆ ಅಥವಾ ಬೆಂಗಳೂರಿನ ಕಿದ್ವಾಯಿಯಂಥ ಕಡೆಗೆ ಕಳುಹಿಸುತ್ತಾರೆ.

7. ಮುಂದಿನ ಮ್ಯಾಮೊಗ್ರಾಮ್‌ಗೆ ಹೋಗುವಾಗ

ಮುಟ್ಟು ಇನ್ನೂ ಆಗುತ್ತಿದ್ದರೆ, ಆಗಿ ಮುಗಿದ ನಂತರದ ವಾರ ಗೊತ್ತುಮಾಡಿ. ಆಗ ನೋವು ಕಡಿಮೆ. ಅವತ್ತು ಪೌಡರ್, ಡಿಯೋಡರೆಂಟ್ ಹಚ್ಚಬೇಡಿ, ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಾಣಬಹುದು. ಸೀರೆ ಅಥವಾ ಚೂಡಿದಾರ್ ಸರಿ, ಸೊಂಟದಿಂದ ಮೇಲೆ ಮಾತ್ರ ಬಿಚ್ಚುವಂತಿರಲಿ. ಹಳೆಯ ಫಿಲ್ಮ್, ಸಿಡಿ, ರಿಪೋರ್ಟ್ ಎಲ್ಲಾ ತೆಗೆದುಕೊಂಡು ಹೋಗಿ. ದಟ್ಟ ಸ್ತನದಲ್ಲಿ ಹೊಸದೇನು ಬಂದಿದೆ ಅಂತ ಹೇಳಲು ಹಳೆಯ ಚಿತ್ರದಷ್ಟು ಸಹಾಯ ಬೇರೆ ಯಾವುದೂ ಮಾಡುವುದಿಲ್ಲ.

ಒಂದೊಂದು ಕಡೆಗೆ ಎರಡೆರಡು ಚಿತ್ರ ತೆಗೆಯುತ್ತಾರೆ, ಮೇಲಿನಿಂದ ಒಂದು, ಓರೆಯಾಗಿ ಒಂದು. ಪ್ಲಾಸ್ಟಿಕ್ ಹಲಗೆ ಬಂದು ಒತ್ತುವಾಗ ನೋಯುತ್ತದೆ, ಆದರೆ ಕೆಲವೇ ಸೆಕೆಂಡು. ಚೆನ್ನಾಗಿ ಒತ್ತಿದಷ್ಟೂ ಒಳಭಾಗ ಹರಡಿಕೊಂಡು ಚಿತ್ರ ಸ್ಪಷ್ಟವಾಗುತ್ತದೆ. ಹಾಗಾಗಿ ತಾಳಿಕೊಳ್ಳಿ. ಸಹಿಸಲು ಆಗುವುದೇ ಇಲ್ಲ ಅಂದರೆ ಹೇಳಿ, ನಿಲ್ಲಿಸುತ್ತಾರೆ. ರೇಡಿಯೇಷನ್ ತುಂಬಾ ಕಡಿಮೆ, ನಾವು ಸುಮ್ನೆ ಓಡಾಡಿಕೊಂಡಿದ್ದರೂ ಸುಮಾರು ಏಳು ವಾರದಲ್ಲಿ ಮೈಮೇಲೆ ಬೀಳುವಷ್ಟು.

8. ದಟ್ಟಣೆ ಇಳಿಸಲು ಹೋಗಬೇಡಿ

ಎಣ್ಣೆ ತಿಕ್ಕುವುದು, ಕಷಾಯ, ಪುಡಿ, ಬ್ರಾ ಬದಲಿಸುವುದು, ಇವು ಯಾವುದರಿಂದಲೂ ದಟ್ಟಣೆ ಇಳಿಯುವುದಿಲ್ಲ. ದುಡ್ಡು ಉಳಿಸಿ ಅಲ್ಟ್ರಾಸೌಂಡ್‌ಗೆ ಇಟ್ಟುಕೊಳ್ಳಿ. ದಪ್ಪಗಾದರೆ ಕೊಬ್ಬು ಸೇರಿ ಅಕ್ಷರ ಬದಲಾಗಬಹುದು, ಆದರೆ ಮುಟ್ಟು ನಿಂತ ಮೇಲೆ ತೂಕ ಹೆಚ್ಚಿದರೆ ಕ್ಯಾನ್ಸರ್ ಅಪಾಯವೇ ಏರುತ್ತದೆ. ಟ್ಯಾಮಾಕ್ಸಿಫೆನ್ ಮಾತ್ರೆ ದಟ್ಟಣೆ ಇಳಿಸುತ್ತದೆ ನಿಜ. ಅದು ಅಪಾಯ ಬಹಳ ಜಾಸ್ತಿ ಇರುವವರಿಗೆ ತಜ್ಞರು ಯೋಚಿಸಿ ಕೊಡುವ ಔಷಧಿ, ತಾನೇ ಕೊಂಡು ನುಂಗುವುದಲ್ಲ.

ನಮ್ಮ ಕೈಯಲ್ಲಿರುವುದು ಬೇರೆ: ತೂಕ ಹಿಡಿತದಲ್ಲಿ ಇಡುವುದು, ದಿನಾ ನಡೆಯುವುದು, ಮದ್ಯ ಬಿಡುವುದು, ಮುಟ್ಟು ನಿಂತ ಮೇಲಿನ ಹಾರ್ಮೋನ್ ಮಾತ್ರೆಯನ್ನು ಎಷ್ಟು ದಿನ ಅಂತ ಡಾಕ್ಟರ ಜೊತೆ ಮಾತಾಡಿ ನಿರ್ಧರಿಸುವುದು.

9. ಮನೆಯ ಹೆಣ್ಣುಮಕ್ಕಳಿಗೆ ಹೇಳಿ

ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ದಟ್ಟಣೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು 60% ಹುಟ್ಟಿನಿಂದಲೇ ಬರುವಂಥದ್ದು. ನಿಮ್ಮದು ಡಿ ಆಗಿದ್ದರೆ ಅಕ್ಕತಂಗಿಯರದ್ದೂ, ಮಗಳದ್ದೂ ದಟ್ಟವಾಗಿರುವ ಸಾಧ್ಯತೆ ಹೆಚ್ಚು. ಫೋನ್ ಮಾಡಿ ಹೇಳಿ. ಇದು ಮುಚ್ಚಿಡುವ ವಿಷಯ ಅಲ್ಲ. ಮಗಳಿಗೆ ಇನ್ನೂ 30 ಆಗಿಲ್ಲದಿದ್ದರೆ ಈಗಲೇ ಮ್ಯಾಮೊಗ್ರಾಮ್ ಬೇಡ, ಆ ವಯಸ್ಸಿನಲ್ಲಿ ಎಲ್ಲರದ್ದೂ ಹೆಚ್ಚುಕಮ್ಮಿ ದಟ್ಟವೇ. ಗಂಟು ಕಂಡರೆ ಮೊದಲು ಅಲ್ಟ್ರಾಸೌಂಡ್. ಅಮ್ಮನಿಗೋ ಅಕ್ಕನಿಗೋ ಕ್ಯಾನ್ಸರ್ ಆಗಿದ್ದರೆ, ಅದು ಪತ್ತೆಯಾದ ವಯಸ್ಸಿನಲ್ಲಿ ಹತ್ತು ಕಳೆಯಿರಿ. ಅಮ್ಮನಿಗೆ 45ಕ್ಕೆ ಆಗಿದ್ದರೆ ಮಗಳು 35ಕ್ಕೆ ಡಾಕ್ಟರನ್ನು ಕಂಡು, ತನಗೆ ಯಾವ ಪರೀಕ್ಷೆ ಯಾವಾಗ ಶುರುವಾಗಬೇಕು ಅಂತ ಕೇಳಬೇಕು. ಹೋಗುವಾಗ ಅಮ್ಮನ ರಿಪೋರ್ಟ್‌ನ ಜೆರಾಕ್ಸ್ ಒಯ್ಯಲಿ.